ಚೌಕ ಕಾಲಿನ ಪ್ಲಗ್ಗು

ಶಾರ್ಜಾದಿಂದ ತಂದ ಮಿಕ್ಸರಿಗೆ ಮೂರು ಚೌಕ ಕಾಲು.
ಮಂಗಲಪೇಟದ ನಮ್ಮ ಗ್ವಾಡಿಗೆ ಮೂರು ದುಂಡು ತೂತು.
ವರ್ಷ ಆತು, ಅದರ ಡಬ್ಬಿ ಮ್ಯಾಲೆ
ಮೆಂತ್ಯಾ ಒಣಗಸ್ತೀನಿ.
ಹಂಗ ನೋಡಿದರ ಅಲ್ಲಿಂದ ಬಂದದ್ದರಾಗ
ಇಲ್ಲಿ ಥಟ್ಟನ ಹೊಂದಿಕೊಂಡದ್ದು
ಸಾಲ ಒಂದೇ.

ಹನ್ನೊಂದು ಸಾವಿರದ ನಾನೂರು ದಿರ್ಹಮ್.
ಕಾರ್ಡಿನ ಮ್ಯಾಲೆ ಹೆಸರು: ಸಲೋಮಿ ಮಾಣಿಕಪ್ಪ.
ಉಬ್ಬು ಅಕ್ಷರ, ಬೆರಳಾಡಿಸಿದರ ಇನ್ನೂ ತಾಕತಾವ.

ಏನೇನಕ್ಕ ಹೋತು ಅಂತ ಒಂದು ನೈಟ್ ಡ್ಯೂಟಿಯಾಗ
ಜ್ವರದ ಚಾರ್ಟಿನ ಹಿಂದ ಬರದು ನೋಡಿದೆ:
ಮಿಕ್ಸರು.
ಎರಡು ಜೊತಿ ಬೂಟು, ಹನ್ನೆರಡು ತಾಸು ನಿಲ್ಲೋ ಕಾಲಿಗೆ.
ರೂಮಿನ ಮರಿಸೆಲ್‌ಗ ಮನಿಲಾದ ಟಿಕೆಟ್ಟು:
ಅಕಿ ಮಗನಿಗೆ ಡೆಂಗಿ, ಅಕಿ ಕಾರ್ಡು ಆಗಲೇ ತುಂಬಿತ್ತು.
ಕ್ಲಿನಿಕ್ಕು ಬಾಗಿಲು ಹಾಕಿದ ಮ್ಯಾಲೆ ಮೂರು ತಿಂಗಳ ಅನ್ನ.
ಉಳಿದದ್ದು ಬಡ್ಡಿ. ತಡಾ ಆದದ್ದಕ್ಕ ದಂಡ. ದಂಡದ ಮ್ಯಾಲೆ ಬಡ್ಡಿ.
ಒಂದು ಅತ್ತರಿನ ಶೀಶೆ ಮಾತ್ರ ಬರೀಲಿಲ್ಲ.
ನಾಚಿಕಿ ಬಂತು.

ಓಣಿಯ ಖಾಜಾ ಸಾಬನ ಅಂಗಡ್ಯಾಗೂ ನನ್ನ ಉದ್ರಿ ಅದ.
ಅಂವ ವಹಿ ನೋಡತಾನ, ನನ್ನ ಮಾರಿ ನೋಡತಾನ,
'ಪಗಾರ ಆಗಲಿ ಸಿಸ್ಟರ್' ಅಂತಾನ.
ಅವನ ಮುನ್ನೂರು ಮುನ್ನೂರೇ.
ಬ್ಯಾಂಕಿನದು ನಾ ಮಲಗಿದಾಗ ಬೆಳೀತದ.
ರೂಪಾಯಿ ಜಾರಿದ ದಿನ
ಏನೂ ಕೊಳ್ಳದೇನೇ ಮತ್ತೇನೋ ಕೊಂಡಂಗ ಆಗತದ.
ಮುಂಜಾನಿ ಎದ್ದು, ಪ್ರಾರ್ಥನಿಗಿಂತ ಮೊದಲು
ದಿರ್ಹಮಿನ ರೇಟು ನೋಡತೀನಿ.
ದೇವರು ನನ್ನ ನೋಡಕೋತ ಕಾಯತಾನ.

ಫೋನು ಮೊದಲು ಅರಬಿ, ಆಮ್ಯಾಲೆ ಇಂಗ್ಲಿಷು, ಈಗ ಹಿಂದಿ.
ಏರ್‌ಪೋರ್ಟು, ಕೇಸು, ಪೊಲೀಸು.
ಸಿರಿಂಜು ತುಂಬಕೋತ ಕೇಳತಿದ್ದೆ,
ಎದುರಿನ ಪೇಷಂಟಿಗೆ
'ಕೈ ಸಡ್ಲ ಬಿಡ್ರಿ, ಏನೂ ಆಗಂಗಿಲ್ಲ' ಅನಕೋತ.

ಮೊನ್ನೆ ಮಂಗಳವಾರ, ರಿಯಾ ಅನ್ನಾಕಿ.
ನಾ ಚಿದ್ರಿ ರೋಡಿನ ನರ್ಸಿಂಗ್ ಹೋಮಿನ ಮಾಳಗಿ ಮ್ಯಾಲೆ
ವಾರ್ಡಿನ ಚಾದರ ಒಣಹಾಕಲಾಕ ಹೋಗಿದ್ದೆ.
'ಮೇಡಂ, ಯೇ ಆಖ್ರೀ ಮೌಕಾ' ಅನ್ನೂದ್ರಾಗ
ವಾಯುಪಡೆಯ ಕಲಿಯೋ ಹುಡುಗರ ವಿಮಾನ
ತಲಿ ಮ್ಯಾಲಿಂದ ಆಕಾಶ ಹರಕೋತ ಹೋತು.
ಇಬ್ಬರೂ ಸುಮ್ಮಾದೆವು.
ಸದ್ದು ಕೋಟಿ ದಾಟಿ ಸಣ್ಣಾದ ಮ್ಯಾಲೆ
ಅಕಿ ಕೇಳಿದಳು, ಕನ್ನಡದಾಗ:
'ಬೀದರದಾಗ ಇದ್ದೀರೇನ್ರಿ, ಅಕ್ಕಾ?'

ಖಟಕ ಚಿಂಚೋಳಿಯಾಕಿ. ಖರೆ ಹೆಸರು ಮಹಾನಂದಾ.
ನೋಯಿಡಾದಾಗ ಆರು ಮಂದಿ ಒಂದು ಖೋಲ್ಯಾಗ.
ಎರಡು ವರ್ಷ ಬೀದರದ ಹಾಸ್ಟೆಲಿನಾಗಿದ್ದಳಂತ,
ವಿಮಾನ ಹೋದಾಗೆಲ್ಲ ಸರು ಖಡು ಹಿಡಕೊಂಡು
ಬೋರ್ಡಿನ ಮುಂದ ಹಂಗೇ ನಿಲ್ಲತಿದ್ದರಂತ.
'ನಂಗೂ ಟಾರ್ಗೆಟ್ ಅದ ರೀ.
ತಿಂಗಳಿಗೆ ನಲವತ್ತು ಮಂದಿ ಹೆದರಬೇಕು.'
'ಎಷ್ಟಾದರು?'
'ನೀವು ಮೂವತ್ತೊಂದು.'

ಆಮ್ಯಾಲೆ ಗಡಬಡಿಲೆ, ಉಸಿರಿನಾಗೇ ಅಂದಳು:
'ಈ ಕಾಲು ರೆಕಾರ್ಡ್ ಆಗತದ, ಆದರ
ನಮ್ಮ ಭಾಷಾ ಇಲ್ಲಿ ಯಾರಿಗೂ ತಿಳಿಯಂಗಿಲ್ಲ.
ನನ್ನ ಕೈಯಾಗ ಕೊಡಬ್ಯಾಡ್ರಿ, ಸೀದಾ ಬ್ಯಾಂಕಿಗೆ ಬರೀರಿ.
ಅಸಲೆಷ್ಟು, ದಂಡೆಷ್ಟು, ಬ್ಯಾರೆ ಬ್ಯಾರೆ ಕೇಳ್ರಿ.
ಎಷ್ಟಕ್ಕ ಮುಗಸ್ತಾರ ಅನ್ನೂದು ಕಾಗದದ ಮ್ಯಾಲೆ ಬರೂತನಕ
ಒಂದು ಪೈಸಾ ಹಾಕಬ್ಯಾಡ್ರಿ.'
ಕೆಮ್ಮಿದಳು. 'ಆಪ್ ಕಾ ದಿನ್ ಶುಭ್ ಹೋ, ಮೇಡಂ.'
ರಿಯಾ ಆಗಿ ಇಟ್ಟಳು.
ಒಂದು ಚಾದರ ಹಾರಿ ನೀರಿನ ಟಾಕಿಗೆ ಸುತ್ತಿಕೊಂಡಿತ್ತು.

ಪತ್ರ ಬರದೀನಿ. ಇಂಗ್ಲಿಷಿನಾಗ, ಹನ್ನೊಂದು ಸಾಲು.
ಅತ್ತರಿಂದೂ ಲೆಕ್ಕಕ್ಕ ಹಿಡಿದೀನಿ.
ನಿನ್ನೆ ಗವಾನ್ ಚೌಕಿನಾಗ
ಚೌಕ ಕಾಲು ದುಂಡು ಮಾಡೋ ಪ್ಲಗ್ಗು ಸಿಕ್ಕಿತು,
ಅರವತ್ತು ರೂಪಾಯಿ, ನಗದ.
ಸಡಲದ; ಒಂದು ಕೈಲೆ ಒತ್ತಿ ಹಿಡೀಬೇಕು.
ಮಿಕ್ಸರು ತಿರುಗಿತು, ನಿಂತಿತು, ತಿರುಗಿತು.
ಶೇಂಗಾ ಅರ್ಧ ಹಿಂಡಿ ಆತು, ಅರ್ಧ ಕಾಳೇ ಉಳೀತು.
ಇದ್ದಂಗೇ ರೊಟ್ಟಿಗೆ ಹಚಕೊಂಡು ಉಂಡೆ.

ತಿಂಗಳು ಮುಗೀಲಾಕ ಇನ್ನೂ ನಾಕು ದಿನ ಅದ.
ಮಹಾನಂದಾಗ ಒಂಬತ್ತು ಮಂದಿ ಬೇಕು.